ಪ್ಯಾನಿಕ್‌ಗೆ ಒಂದು ಮದ್ದು, ಸುಸ್ತಿಗೆ ಇನ್ನೊಂದು

ಎದೆ ಢವಢವ ಹೊಡೆದುಕೊಳ್ಳುತ್ತದೆ. ಉಸಿರು ಸಾಲುವುದಿಲ್ಲ. ಕೈಬೆರಳು ಜುಮ್ಮೆನ್ನುತ್ತವೆ, ಮೈಯೆಲ್ಲ ಬೆವರುತ್ತದೆ, ಇನ್ನೇನು ಸತ್ತೇ ಹೋದೆ ಅನ್ನಿಸುತ್ತದೆ. ಮನೆಯವರು ಆಸ್ಪತ್ರೆಗೆ ಕರೆದುಕೊಂಡು ಓಡುತ್ತಾರೆ. ಇಸಿಜಿ ಆಗುತ್ತದೆ, ರಕ್ತ ಪರೀಕ್ಷೆ ಆಗುತ್ತದೆ. ಕೊನೆಗೆ ಕೇಳಿಬರುವ ಮಾತು ಇದು: "ಎಲ್ಲಾ ನಾರ್ಮಲ್ ಇದೆ. ನಿಮಗೆ ಏನೂ ಆಗಿಲ್ಲ. ಸುಮ್ನೆ ಟೆನ್ಷನ್ ಮಾಡ್ಕೋಬೇಡಿ."

ಎಲ್ಲಾ ನಾರ್ಮಲ್ ಅನ್ನುವುದು ನಿಜ, ಹೃದಯಕ್ಕೆ ರೋಗವಿಲ್ಲ. ಆದರೆ ಏನೂ ಆಗಿಲ್ಲ ಅನ್ನುವುದು ಸುಳ್ಳು. ಆ ಹತ್ತಿಪ್ಪತ್ತು ನಿಮಿಷದಲ್ಲಿ ದೇಹದೊಳಗೆ ಬೇಕಾದಷ್ಟು ಆಗಿದೆ, ಅದನ್ನು ಒಂದೊಂದಾಗಿ ಬಿಡಿಸಿ ಹೇಳಲೂ ಬರುತ್ತದೆ. ಇನ್ನು ಟೆನ್ಷನ್ ಮಾಡ್ಕೋಬೇಡಿ ಅನ್ನುವ ಸಲಹೆಯಿಂದ ಯಾರಿಗೂ ಉಪಯೋಗವಿಲ್ಲ. ಬೇಕು ಅಂತ ಯಾರೂ ಟೆನ್ಷನ್ ಮಾಡಿಕೊಳ್ಳುವುದಿಲ್ಲ, ಅಲ್ವಾ?

ಬಿಟ್ಟೂಬಿಡದೆ ಕಾಡುವ ಆತಂಕ, ಸಿಡಿಲಿನ ಹಾಗೆ ಎರಗುವ ಪ್ಯಾನಿಕ್ ಅಟ್ಯಾಕ್, ತಿಂಗಳುಗಟ್ಟಲೆ ಒತ್ತಡದ ನಂತರ ಬರುವ ಸುಸ್ತು, ಈ ಮೂರೂ ದೇಹದ ಒಂದೇ ವ್ಯವಸ್ಥೆಗೆ ಸೇರಿದವು. ಆದರೆ ಮೂರಕ್ಕೂ ಒಂದೇ ಪರಿಹಾರ ಇಲ್ಲ. ಪ್ಯಾನಿಕ್ ಇರುವವರು ಹುಷಾರಾಗಿರೋಣ ಅಂತ ಹಿಂದೆ ಸರಿಯುತ್ತಾರೆ, ಅದರಿಂದಲೇ ಪ್ಯಾನಿಕ್ ಹೆಚ್ಚುತ್ತದೆ. ಸುಸ್ತಾದವರು ಇನ್ನೂ ಸ್ವಲ್ಪ ದಿನ ಹಲ್ಲು ಕಚ್ಚಿ ಎಳೆಯೋಣ ಅನ್ನುತ್ತಾರೆ, ಅದರಿಂದಲೇ ಸುಸ್ತು ಹೆಚ್ಚುತ್ತದೆ. ಇವರು ಅವರ ದಾರಿ ಹಿಡಿಯಬೇಕಿತ್ತು, ಅವರು ಇವರ ದಾರಿ. ಈ ಅದಲುಬದಲು ಅರ್ಥವಾಗದೆ ವರ್ಷಗಟ್ಟಲೆ ನರಳುವವರು ತುಂಬಾ ಜನ ಇದ್ದಾರೆ.

ದೇಹ ಏಕೆ ಹೀಗೆ ಮಾಡುತ್ತದೆ

ಮೆದುಳಿನ ಆಳದಲ್ಲಿ ಅಮಿಗ್ಡಲಾ ಎಂಬ ಸಣ್ಣ ಭಾಗವಿದೆ. ಅಪಾಯದ ಸುಳಿವು ಹಿಡಿಯುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು. ಅದು ಕೂತು ಯೋಚಿಸುವುದಿಲ್ಲ. ಕತ್ತಲಲ್ಲಿ ಹಗ್ಗ ಹಾವಿನ ಹಾಗೆ ಕಂಡರೆ, ಅದು ಹಗ್ಗ ಅಂತ ನಮಗೆ ತಿಳಿಯುವ ಮೊದಲೇ ಕಾಲು ಹಿಂದಕ್ಕೆ ಜಿಗಿದಿರುತ್ತದೆ. ನಿಜವಾದ ಹಾವು ಬಂದಾಗ ತಡಮಾಡುವುದಕ್ಕಿಂತ, ಹಗ್ಗಕ್ಕೆ ಹತ್ತು ಸಲ ಹೆದರಿದರೂ ನಷ್ಟ ಕಡಿಮೆ.

ಅಪಾಯ ಅಂತ ಸುಳಿವು ಸಿಕ್ಕ ಕ್ಷಣ ನರಗಳ ಮೂಲಕ ದೇಹಕ್ಕೆಲ್ಲ ಸಂದೇಶ ಹೋಗುತ್ತದೆ. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಬಿಡುತ್ತವೆ. ಹೃದಯದ ವೇಗ ಏರುತ್ತದೆ. ರಕ್ತ ಚರ್ಮದಿಂದಲೂ ಹೊಟ್ಟೆಯಿಂದಲೂ ಸರಿದು ತೊಡೆ, ತೋಳಿನ ದೊಡ್ಡ ಸ್ನಾಯುಗಳಿಗೆ ಹರಿಯುತ್ತದೆ. ಅದಕ್ಕೇ ಕೈ ತಣ್ಣಗಾಗುವುದು, ಹೊಟ್ಟೆ ತೊಳಸುವುದು. ಕಣ್ಣಿನ ಪಾಪೆ ಹಿಗ್ಗುತ್ತದೆ, ಹಾಗಾಗಿ ಬೆಳಕು ಚುಚ್ಚುತ್ತದೆ. ಓಡುವಾಗ ಮೈ ಕಾಯಬಾರದು ಅಂತ ಮೊದಲೇ ಬೆವರು ಬರುತ್ತದೆ. ಹಾರ್ವರ್ಡ್‌ನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಈ ಇಡೀ ಸಿದ್ಧತೆಯನ್ನು 1915ರಲ್ಲೇ ವಿವರಿಸಿದ್ದರು. ಹೋರಾಡು, ಇಲ್ಲವೇ ಓಡು, ಎರಡಕ್ಕೂ ದೇಹ ತಯಾರಾಗುವ ರೀತಿ ಇದು.

ಅಡ್ರಿನಲಿನ್ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಹೊಸದಾಗಿ ಬರುವುದು ನಿಂತರೆ, ರಕ್ತದಲ್ಲಿ ಇರುವುದು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಇನ್ನೊಂದು ಹಾರ್ಮೋನ್ ಕಾರ್ಟಿಸಾಲ್. ಅದರದು ನಿಧಾನದ ಕೆಲಸ. ಅಪಾಯ ಮುಂದುವರಿದರೆ ದೇಹಕ್ಕೆ ಸಕ್ಕರೆ ಒದಗಿಸುತ್ತಾ, ಎಚ್ಚರವಾಗಿ ಇಡುತ್ತಾ ಅದು ಗಂಟೆಗಟ್ಟಲೆ ದುಡಿಯುತ್ತದೆ. ಪ್ಯಾನಿಕ್ ನಿಮಿಷಗಳ ಲೆಕ್ಕದ ಕಥೆ, ಸುಸ್ತು ತಿಂಗಳುಗಳ ಲೆಕ್ಕದ ಕಥೆ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಪ್ಯಾನಿಕ್ ಅಟ್ಯಾಕ್ ಒಳಗೆ

ಭಯ ಇದ್ದಕ್ಕಿದ್ದಂತೆ ಉಕ್ಕಿ, ಕೆಲವೇ ನಿಮಿಷಗಳಲ್ಲಿ ಗರಿಷ್ಠ ಮಟ್ಟ ಮುಟ್ಟಿದರೆ ಅದನ್ನು ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ. ವೈದ್ಯರು 13 ಲಕ್ಷಣಗಳನ್ನು ಗುರುತಿಸುತ್ತಾರೆ, ಅವುಗಳಲ್ಲಿ ಕನಿಷ್ಠ 4 ಇರಬೇಕು. ಎದೆಬಡಿತ, ನಡುಕ, ಉಸಿರು ಕಟ್ಟಿದ ಹಾಗಾಗುವುದು, ಎದೆನೋವು, ತಲೆಸುತ್ತು, ಸಾಯುತ್ತೇನೆ ಅನ್ನುವ ಭಯ, ಹುಚ್ಚು ಹಿಡಿಯುತ್ತದೆ ಅನ್ನುವ ಭಯ, ಇವೆಲ್ಲ ಆ ಪಟ್ಟಿಯಲ್ಲಿವೆ.

ಕಾರಣವೇ ಇಲ್ಲದೆ ಬಂತು ಅಂತ ಬಹಳಷ್ಟು ಜನ ಹೇಳುತ್ತಾರೆ. ಹೊರಗೆ ಕಾರಣ ಕಾಣುವುದಿಲ್ಲ, ನಿಜ. ಕಾರಣ ಒಳಗಿರುತ್ತದೆ. 1986ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಇದಕ್ಕೆ ಕೊಟ್ಟ ವಿವರಣೆ ಇವತ್ತಿಗೂ ಚಿಕಿತ್ಸೆಯ ತಳಹದಿ. ಮೆಟ್ಟಿಲು ಹತ್ತಿದ್ದಕ್ಕೋ, ಕಾಫಿ ಕುಡಿದಿದ್ದಕ್ಕೋ, ನಿದ್ದೆಗೆಟ್ಟಿದ್ದಕ್ಕೋ ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ. ಮನಸ್ಸು ಅದನ್ನು 'ಹಾರ್ಟ್ ಅಟ್ಯಾಕ್ ಇರಬಹುದಾ?' ಅಂತ ಓದುತ್ತದೆ. ಆ ಓದಿಗೆ ಭಯ ಹುಟ್ಟುತ್ತದೆ. ಭಯಕ್ಕೆ ಅಡ್ರಿನಲಿನ್ ಬರುತ್ತದೆ. ಅಡ್ರಿನಲಿನ್‌ಗೆ ಎದೆ ಇನ್ನೂ ಜೋರಾಗಿ ಬಡಿಯುತ್ತದೆ. 'ನೋಡಿದ್ಯಾ, ಹೌದು!' ಅನ್ನುತ್ತದೆ ಮನಸ್ಸು. ಸುತ್ತು ಶುರುವಾಯಿತು. ಈ ಸುತ್ತನ್ನು ತಿರುಗಿಸುತ್ತಿರುವುದು ಬಡಿತ ಅಲ್ಲ, ಬಡಿತದ ಬಗ್ಗೆ ನಾವು ಮಾಡಿಕೊಂಡ ಅರ್ಥ.

ಉಸಿರಿನ ವಿಷಯ ಸ್ವಲ್ಪ ವಿವರವಾಗಿ ನೋಡಬೇಕು. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಅಲ್ಲೇ. ಪ್ಯಾನಿಕ್‌ನಲ್ಲಿ ಉಸಿರು ಸಾಲದು ಅನ್ನಿಸುತ್ತದೆ. ಆದರೆ ಹೆಚ್ಚಾಗಿ ಆಗ ನಾವು ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡುತ್ತಿರುತ್ತೇವೆ. ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕ ಮೊದಲೇ ಹೆಚ್ಚುಕಡಿಮೆ ತುಂಬಿರುತ್ತದೆ. ಜೋರಾಗಿ ಉಸಿರೆಳೆದರೆ ಅದು ಹೆಚ್ಚುವುದಿಲ್ಲ, ಬದಲಿಗೆ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಗೆ ಹೋಗುತ್ತದೆ. ಅದು ತೀರಾ ಕಡಿಮೆಯಾದರೆ ಮೆದುಳಿನ ರಕ್ತನಾಳಗಳು ಕುಗ್ಗುತ್ತವೆ. ತಲೆ ಹಗುರಾಗುತ್ತದೆ, ಸುತ್ತಮುತ್ತ ಇರುವುದೆಲ್ಲ ನಿಜವಲ್ಲ ಅನ್ನಿಸತೊಡಗುತ್ತದೆ. ರಕ್ತದ ಕ್ಷಾರಗುಣ ಏರಿ, ನರಗಳಿಗೆ ಸಿಗುವ ಕ್ಯಾಲ್ಸಿಯಂ ಸ್ವಲ್ಪ ಇಳಿಯುತ್ತದೆ. ಆಗ ನರಗಳು ಕಾರಣವಿಲ್ಲದೆ ಮಿಡಿಯುತ್ತವೆ. ಬೆರಳು, ತುಟಿ ಜುಮ್ಮೆನ್ನುವುದು, ಕೈ ಸೆಟೆದುಕೊಳ್ಳುವುದು ಇದರಿಂದಲೇ. ಪಕ್ಕೆಲುಬಿನ ನಡುವಿನ ಸ್ನಾಯುಗಳು ದಣಿದು ನೋಯುತ್ತವೆ, ಅದು ಎದೆನೋವಿನ ಹಾಗೆ ಕಾಣುತ್ತದೆ. ಇಷ್ಟೆಲ್ಲ ಒಟ್ಟಿಗೆ ಆದಾಗ ಸಾವು ಹತ್ತಿರ ಬಂತು ಅಂತ ಯಾರಿಗಾದರೂ ಅನ್ನಿಸುತ್ತದೆ. ಅದರಲ್ಲಿ ದೌರ್ಬಲ್ಯ ಏನೂ ಇಲ್ಲ. ಉಸಿರಿನ ವೇಗ ಇಳಿದರೆ ಇವೆಲ್ಲ ತಾವಾಗಿ ಸರಿಹೋಗುತ್ತವೆ.

ಬಿದ್ದುಬಿಡುತ್ತೇನೆ ಅನ್ನುವ ಭಯವೂ ಬಹಳ ಜನರಿಗೆ. ಮೂರ್ಛೆ ಹೋಗಲು ರಕ್ತದೊತ್ತಡ ಥಟ್ಟನೆ ಕುಸಿಯಬೇಕು. ಪ್ಯಾನಿಕ್‌ನಲ್ಲಿ ಅದು ಸಾಮಾನ್ಯವಾಗಿ ಏರುತ್ತದೆ, ಹಾಗಾಗಿ ಮೂರ್ಛೆ ಅಪರೂಪ. ರಕ್ತ ಅಥವಾ ಸೂಜಿ ಕಂಡರೆ ತಲೆ ತಿರುಗಿ ಬೀಳುವವರ ವಿಷಯ ಬೇರೆ, ಅವರಲ್ಲಿ ರಕ್ತದೊತ್ತಡ ನಿಜವಾಗಿಯೂ ಕುಸಿಯುತ್ತದೆ. ಇನ್ನು ಕೆಲವರಿಗೆ ನಡುರಾತ್ರಿ ಗಾಢ ನಿದ್ದೆಯಿಂದ ಎಬ್ಬಿಸಿ ಅಟ್ಯಾಕ್ ಬರುತ್ತದೆ. ಅದು ಕೆಟ್ಟ ಕನಸಿನಿಂದ ಬರುವುದಲ್ಲ. ಕನಸು ಹೆಚ್ಚು ಬೀಳುವ ಹಂತದಲ್ಲಿ ಅದು ಬರುವುದೂ ಕಡಿಮೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಎದೆನೋವು ಮೊದಲ ಸಲ ಬಂದಿದ್ದರೆ, ತೋಳಿಗೋ ದವಡೆಗೋ ಹರಡುತ್ತಿದ್ದರೆ, ಶ್ರಮ ಮಾಡಿದಾಗ ಬರುತ್ತಿದ್ದರೆ, ಪ್ಯಾನಿಕ್ ಇರಬಹುದು ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ನಿಜವಾಗಿ ಪ್ರಜ್ಞೆ ತಪ್ಪಿದ್ದರೂ ಅಷ್ಟೇ. ಆಸ್ಪತ್ರೆಗೆ ಹೋಗಿ. ಹೃದಯ ಚೆನ್ನಾಗಿದೆ ಅಂತ ಒಂದು ಸಲ ಸರಿಯಾಗಿ ತಿಳಿದಿರುವುದು ಮುಂದಿನ ಕೆಲಸಕ್ಕೂ ಬೇಕು.

ಅಟ್ಯಾಕ್ ಬಂದಾಗ, ಬಂದು ಹೋದ ಮೇಲೆ

ದೀರ್ಘವಾಗಿ ಉಸಿರೆಳೆದುಕೋ ಅಂತ ಎಲ್ಲರೂ ಹೇಳುತ್ತಾರೆ. ಮೊದಲೇ ಜಾಸ್ತಿ ಉಸಿರಾಡುತ್ತಿರುವವರು ಇನ್ನೂ ದೊಡ್ಡದಾಗಿ ಎಳೆದರೆ ಜುಮ್ಮು, ತಲೆಸುತ್ತು ಹೆಚ್ಚುತ್ತವೆ. ಗಮನ ಕೊಡಬೇಕಾದ್ದು ಬಿಡುವ ಉಸಿರಿಗೆ. ಮೂಗಿನಿಂದ ಮೆಲ್ಲಗೆ, ಮಾಮೂಲಿ ಪ್ರಮಾಣದಲ್ಲಿ ತೆಗೆದುಕೊಳ್ಳಿ. ನಾಲ್ಕರವರೆಗೆ ಎಣಿಸುತ್ತಾ ಒಳಗೆ, ಆರರವರೆಗೆ ಎಣಿಸುತ್ತಾ ಹೊರಗೆ. ನಿಮಿಷಕ್ಕೆ ಆರು ಉಸಿರಿನ ಆಸುಪಾಸು. ಉಸಿರು ಬಿಡುವಾಗ, ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ಪ್ರಭಾವದಿಂದ ಹೃದಯ ಸ್ವಲ್ಪ ನಿಧಾನವಾಗುತ್ತದೆ. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯ ಬೇಡ. ತೊಂದರೆ ನಿಜವಾಗಿ ಆಸ್ತಮಾದ್ದೋ ಹೃದಯದ್ದೋ ಆಗಿದ್ದರೆ ಅದು ಅಪಾಯ.

ಉಸಿರಿಗಿಂತ ಮುಖ್ಯವಾದ್ದು ಇನ್ನೊಂದಿದೆ. ಅಟ್ಯಾಕ್ ಅನ್ನು ನಿಲ್ಲಿಸಲು ಹೋರಾಡಬೇಡಿ. ಹೋರಾಟ ಕೂಡ ಮೆದುಳಿಗೆ 'ಅಪಾಯ ಇದೆ' ಅನ್ನುವ ಸಂದೇಶವೇ. "ಇದು ಪ್ಯಾನಿಕ್. ಹಿಂಸೆ ಆಗುತ್ತಿದೆ, ಆದರೆ ಅಪಾಯ ಇಲ್ಲ. ಏರುತ್ತದೆ, ಇಳಿಯುತ್ತದೆ" ಅಂತ ಮನಸ್ಸಿನಲ್ಲಿ ಹೇಳಿಕೊಳ್ಳಿ. ಎದೆ ಬಡಿಯಲಿ ಬಿಡಿ. ಕೈ ನಡುಗಲಿ ಬಿಡಿ. ಇರುವ ಜಾಗ ಸುರಕ್ಷಿತವಾಗಿದ್ದರೆ ಅಲ್ಲೇ ಇರಿ. ವಾಹನ ಓಡಿಸುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ, ಕಡಿಮೆಯಾದ ಮೇಲೆ ಮುಂದೆ ಹೋಗಿ. ಇದನ್ನು ಓದುವುದು ಸುಲಭ, ಮಾಡುವುದು ಕಷ್ಟ. ಮೊದಲ ಕೆಲವು ಸಲ ಆಗದೇ ಇರಬಹುದು. ಆದರೂ ಬಿಡಬೇಡಿ.

ಜಾಗ ಬಿಟ್ಟು ಓಡಿದರೆ ಏನಾಗುತ್ತದೆ? ತಕ್ಷಣ ಹಾಯೆನ್ನಿಸುತ್ತದೆ. ತೊಂದರೆ ಇರುವುದೇ ಅಲ್ಲಿ. 'ಓಡಿ ಬಂದಿದ್ದಕ್ಕೆ ಉಳಿದೆ' ಅಂತ ಮೆದುಳು ಕಲಿಯುತ್ತದೆ. ನಿಂತಿದ್ದರೂ ಉಳಿಯುತ್ತಿದ್ದೆ ಅನ್ನುವುದನ್ನು ಕಲಿಯಲು ಅದಕ್ಕೆ ಅವಕಾಶವೇ ಸಿಗಲಿಲ್ಲ. ಮುಂದಿನ ಸಲ ಲಿಫ್ಟ್ ಬೇಡ. ಆಮೇಲೆ ಬಸ್ ಬೇಡ. ಆಮೇಲೆ ಜನ ಸೇರುವ ಜಾಗ ಬೇಡ. ಒಬ್ಬರೇ ಹೊರಗೆ ಹೋಗುವುದೇ ಬೇಡ. ಅಗೊರಾಫೋಬಿಯಾ ಎಂಬ ತೊಂದರೆ ಹೆಚ್ಚಾಗಿ ಹೀಗೆ ಒಂದೊಂದೇ ಹೆಜ್ಜೆ ಹಿಂದೆ ಸರಿದು ಬೆಳೆಯುತ್ತದೆ. ಸಣ್ಣ ಊರುಗೋಲುಗಳೂ ಇದೇ ಕೆಲಸ ಮಾಡುತ್ತವೆ. ಸದಾ ಬಾಗಿಲ ಪಕ್ಕ ಕೂರುವುದು, ಜೇಬಿನಲ್ಲಿ ಮಾತ್ರೆ ಇದೆಯಾ ಅಂತ ಮುಟ್ಟಿ ನೋಡುವುದು, ಗಂಟೆಗೊಂದು ಸಲ ನಾಡಿ ಹಿಡಿಯುವುದು, ಇವುಗಳಿಂದ ಭಯ ಒಳಗೇ ಉಳಿಯುತ್ತದೆ.

ಅದಕ್ಕೇ ಪ್ಯಾನಿಕ್‌ನ ಚಿಕಿತ್ಸೆ ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ, ಹೆದರಿಸುವ ಲಕ್ಷಣಗಳನ್ನೇ ಬೇಕಂತ ಬರಿಸುತ್ತಾರೆ. ನಿಂತಲ್ಲೇ ಒಂದು ನಿಮಿಷ ಓಡಿಸಿ ಎದೆ ಬಡಿಸುತ್ತಾರೆ. ತಿರುಗುವ ಕುರ್ಚಿಯಲ್ಲಿ ಕೂರಿಸಿ ತಲೆ ಸುತ್ತಿಸುತ್ತಾರೆ. ಕಿರಿದಾದ ಸ್ಟ್ರಾದಲ್ಲಿ ಉಸಿರಾಡಿಸುತ್ತಾರೆ. ಪದೇ ಪದೇ ಮಾಡಿದಾಗ, ಎದೆ ಬಡಿದರೆ ಎದೆ ಬಡಿಯುತ್ತದೆ ಅಷ್ಟೇ ಅಂತ ಮೆದುಳಿಗೆ ಮನದಟ್ಟಾಗುತ್ತದೆ. ಆಮೇಲೆ ಬಿಟ್ಟುಬಿಟ್ಟ ಜಾಗಗಳಿಗೆ ಸಣ್ಣದರಿಂದ ಶುರುಮಾಡಿ ವಾಪಸ್ ಹೋಗುವುದು. ಹೃದಯದ ತೊಂದರೆ, ಆಸ್ತಮಾ, ಫಿಟ್ಸ್ ಇರುವವರು ಮತ್ತು ಗರ್ಭಿಣಿಯರು ಈ ಅಭ್ಯಾಸಗಳಿಗೆ ಮೊದಲು ವೈದ್ಯರನ್ನು ಕೇಳಬೇಕು. ಇಷ್ಟು ನೇರವಾಗಿ ಭಯದ ಬೇರಿಗೇ ಕೈಹಾಕುವ ಚಿಕಿತ್ಸೆ ಇದ್ದೂ, ಅದರ ಸುದ್ದಿಯೇ ತಿಳಿಯದೆ ಜನ ಒಂದಾದ ಮೇಲೊಂದು ಸ್ಕ್ಯಾನ್ ಮಾಡಿಸುತ್ತಾ ಅಲೆಯುವುದನ್ನು ನೋಡಿದರೆ ಸಂಕಟವಾಗುತ್ತದೆ.

ಸದಾ ಕೊರೆಯುವ ಚಿಂತೆ

ಇದು ಪ್ಯಾನಿಕ್‌ನಷ್ಟು ಸದ್ದು ಮಾಡುವುದಿಲ್ಲ. ಮಕ್ಕಳು, ಕೆಲಸ, ಆರೋಗ್ಯ, ದುಡ್ಡು, ಒಂದು ಚಿಂತೆ ಮುಗಿದರೆ ಇನ್ನೊಂದು. ಆರು ತಿಂಗಳಿಗೂ ಹೆಚ್ಚು ಕಾಲ, ಬಹುಪಾಲು ದಿನ ಹೀಗೇ ಇದ್ದು, ನಿದ್ದೆ, ಗಮನ, ಕೆಲಸ ಎಲ್ಲ ಕೆಡುತ್ತಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. ಒಂಟಿ ಅನ್ನಿಸಬೇಕಿಲ್ಲ. 2019ರಲ್ಲಿ ಜಗತ್ತಿನಲ್ಲಿ ಸುಮಾರು 30 ಕೋಟಿ ಜನರಿಗೆ ಒಂದಲ್ಲ ಒಂದು ಬಗೆಯ ಆತಂಕದ ಕಾಯಿಲೆ ಇತ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಚಿಂತೆ ಮಾಡಬೇಡ ಅಂತ ಮನಸ್ಸಿಗೆ ಹೇಳಿದರೆ ಅದು ಕೇಳುವುದಿಲ್ಲ. ಈಗ ಬೇಡ, ಸಂಜೆ ನೋಡೋಣ ಅಂದರೆ ಎಷ್ಟೋ ಸಲ ಕೇಳುತ್ತದೆ. ದಿನಕ್ಕೆ ಅರ್ಧ ಗಂಟೆ ಚಿಂತೆಗೇ ಮೀಸಲಿಡುವ ವಿಧಾನ ಹಳೆಯದು. ಹಗಲಲ್ಲಿ ಬಂದ ಚಿಂತೆಯನ್ನು ಒಂದು ಸಾಲು ಬರೆದಿಟ್ಟು ಮುಂದೆ ಹೋಗಿ. ಮಲಗುವ ಹೊತ್ತಿಗೆ ತೀರಾ ಹತ್ತಿರವಲ್ಲದ ಸಮಯದಲ್ಲಿ ಕೂತು ನೋಡಿ. ಇವತ್ತು ಮಾಡಬಹುದಾದ ಕೆಲಸ ಅದರಲ್ಲಿದ್ದರೆ ಅದನ್ನು ಮಾಡಿ. ಇಲ್ಲದಿದ್ದರೆ ಅದು ಹಾಗೇ ಇರಲಿ. ಇನ್ನೊಂದು, ಗೂಗಲ್‌ನಲ್ಲಿ ರೋಗಲಕ್ಷಣ ಹುಡುಕುವುದು. ಅದು ಐದು ನಿಮಿಷ ಸಮಾಧಾನ ಕೊಟ್ಟು ಆರನೇ ನಿಮಿಷಕ್ಕೆ ಹೊಸ ಪ್ರಶ್ನೆ ಕೊಡುತ್ತದೆ. ನಿಲ್ಲಿಸಿದಷ್ಟೂ ಒಳ್ಳೆಯದು.

ಸುಸ್ತು ಬೇರೆಯದೇ

1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳ ಮೇಲಿನ ಪ್ರಯೋಗಗಳನ್ನು ಆಧರಿಸಿ ಒಂದು ಸಣ್ಣ ವರದಿ ಪ್ರಕಟಿಸಿದರು. ಚಳಿ, ಗಾಯ, ಅತಿಯಾದ ಶ್ರಮ, ಕಾಟ ಯಾವುದೇ ಇರಲಿ, ದೇಹ ಹೆಚ್ಚುಕಡಿಮೆ ಒಂದೇ ಥರ ಸ್ಪಂದಿಸುತ್ತದೆ ಅಂತ ಅದರಲ್ಲಿತ್ತು. ಮೊದಲು ಗಾಬರಿ, ಆಮೇಲೆ ತಾಳಿಕೊಳ್ಳುವ ಹಂತ, ಕಾಟ ನಿಲ್ಲದಿದ್ದರೆ ಕೊನೆಗೆ ಕುಸಿತ. ಈಗ ವಿಜ್ಞಾನ ತುಂಬಾ ಮುಂದೆ ಬಂದಿದೆ, ವಿವರಗಳು ಬದಲಾಗಿವೆ. ಆದರೂ ಆ ನಡುವಿನ ಹಂತದ ಮಾತು ನೆನಪಿಡಬೇಕು. ತಾಳಿಕೊಳ್ಳುತ್ತಿರುವಾಗ ಹೊರಗಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕೆಲಸ ಆಗುತ್ತಿರುತ್ತದೆ, ಹೊಗಳಿಕೆಯೂ ಸಿಗುತ್ತಿರುತ್ತದೆ.

ಕುಸಿತದ ಲಕ್ಷಣಗಳು ಮಾಮೂಲಿ ದಣಿವಿನ ಹಾಗಿಲ್ಲ. ರಾತ್ರಿಯಿಡೀ ಮಲಗಿದರೂ ಬೆಳಿಗ್ಗೆ ಮೈ ಭಾರ. ಓದಿದ ಸಾಲನ್ನೇ ಮತ್ತೆ ಮತ್ತೆ ಓದಬೇಕು. ಗೊತ್ತಿರುವ ಹೆಸರು ಬಾಯಿಗೆ ಬರುವುದಿಲ್ಲ. ಸದ್ದು, ಬೆಳಕು ತಡೆಯಲಾಗುವುದಿಲ್ಲ. ಸಣ್ಣ ಮಾತಿಗೆ ಸಿಟ್ಟು, ಇಲ್ಲವೇ ಅಳು. ಒಂದು ಫೋನ್ ಕರೆ ಮಾಡುವುದೂ ಬೆಟ್ಟದಷ್ಟು. 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಇಂಥ ಸ್ಥಿತಿಯನ್ನು ಬರ್ನೌಟ್ ಅಂತ ಕರೆದು ಬರೆದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್ ಅನ್ನು ಕಾಯಿಲೆ ಅಂತಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ವಿವರಿಸಿತು. ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಕೆಲಸ ಮಾಡುವ ಸಾಮರ್ಥ್ಯ ಕುಗ್ಗುವುದು, ಇವು ಅದರ ಮೂರು ಗುರುತು. ಸ್ವೀಡನ್ ಇನ್ನೂ ಮುಂದೆ ಹೋಗಿ, 2005ರಲ್ಲೇ ಒತ್ತಡದ ಸುಸ್ತಿಗೆ ಪ್ರತ್ಯೇಕ ರೋಗನಿರ್ಣಯ ಕೊಟ್ಟಿತು. ಅದಕ್ಕೆ ಕನಿಷ್ಠ ಆರು ತಿಂಗಳ ಒತ್ತಡ ಇರಬೇಕು, ಆದರೆ ಅದು ಆಫೀಸಿನದ್ದೇ ಆಗಬೇಕಿಲ್ಲ. ಇದು ನನಗೆ ಹೆಚ್ಚು ನ್ಯಾಯ ಅನ್ನಿಸುತ್ತದೆ. ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ನೋಡಿಕೊಳ್ಳುವವರಿಗೆ ಸಂಬಳವೂ ಇಲ್ಲ, ರಜೆಯೂ ಇಲ್ಲ. ಸುಸ್ತು ಮಾತ್ರ ಇದೆ.

ಇಲ್ಲಿ 'ಎದುರಿಸು' ಅನ್ನುವ ಸಲಹೆ ತಿರುಗುಬಾಣ ಆಗುತ್ತದೆ. ಕಾಟ ನಿಜವಾಗಿಯೂ ಇದೆ, ಮೆದುಳು ತಪ್ಪು ಓದಿದ್ದಲ್ಲ. ಹಾಗಾಗಿ ಹೊರೆಯನ್ನೇ ಇಳಿಸಬೇಕು. ಯಾವ ಕೆಲಸ ಬಿಡುವುದು, ಯಾವುದನ್ನು ಇನ್ನೊಬ್ಬರಿಗೆ ಕೊಡುವುದು, ಯಾವುದಕ್ಕೆ ಆಗುವುದಿಲ್ಲ ಅನ್ನುವುದು, ಹೆಸರು ಹಿಡಿದು ಬರೆಯಬೇಕು. ಎರಡು ವಾರ ರಜೆ ಹಾಕಿ ಅದೇ ಹೊರೆಗೆ ಮರಳಿದರೆ ಅದೇ ಸ್ಥಿತಿ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಮೇಲಧಿಕಾರಿಯ ಜೊತೆ, ಮನೆಯವರ ಜೊತೆ ಕಷ್ಟದ ಮಾತುಕತೆ ಆಗಲೇಬೇಕು. ಉಸಿರಾಟದ ಅಭ್ಯಾಸ ಅದಕ್ಕೆ ಬದಲಿ ಅಲ್ಲ. ಅತಿಯಾಗಿ ದುಡಿಸಿಕೊಂಡು, ಆಮೇಲೆ ಧ್ಯಾನ ಕಲಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ.

ಹಾಗಂತ ತಿಂಗಳುಗಟ್ಟಲೆ ಹಾಸಿಗೆಯಲ್ಲೇ ಇದ್ದರೂ ಶಕ್ತಿ ಮರಳುವುದಿಲ್ಲ. ದಿನಾ ಸ್ವಲ್ಪ ನಡಿಗೆ, ದಿನಾ ಒಂದೇ ಸಮಯಕ್ಕೆ ಏಳುವುದು, ಹಗಲ ಬೆಳಕು, ಕೆಲಸದ ನಡುನಡುವೆ ಸಣ್ಣ ಬಿಡುವು ಬೇಕು. ಫೋನ್ ಉಜ್ಜುತ್ತಾ ಕೂರುವುದು ಬಿಡುವಲ್ಲ. ಹೆಚ್ಚಿನವರು ಎಡವುವುದು ಚೆನ್ನಾಗಿರುವ ದಿನದಲ್ಲಿ. ಅವತ್ತು ಬಾಕಿ ಕೆಲಸವನ್ನೆಲ್ಲ ಮುಗಿಸುತ್ತಾರೆ, ಮುಂದಿನ ಮೂರು ದಿನ ಏಳಲಾಗುವುದಿಲ್ಲ. ಒಳ್ಳೆಯ ದಿನವೂ ಇನ್ನೂ ಮಾಡಬಹುದು ಅನ್ನಿಸುವಾಗಲೇ ನಿಲ್ಲಿಸಬೇಕು. ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು, ಹಾಗಾಗಿ ಮಧ್ಯಾಹ್ನದ ಮೇಲೆ ಕಾಫಿ, ಟೀ ಬಿಟ್ಟರೆ ಒಳ್ಳೆಯದು. ಚೇತರಿಕೆಗೆ ತಿಂಗಳುಗಳು ಹಿಡಿಯಬಹುದು, ಕೆಲವರಿಗೆ ವರ್ಷಕ್ಕೂ ಮೇಲೆ.

ಸುಸ್ತಿನ ಜೊತೆಗೇ ಪ್ಯಾನಿಕ್ ಕೂಡ ಬಂದರೆ? ಬರುತ್ತದೆ, ಅಪರೂಪವೇನಲ್ಲ. ಆಗ ಮೊದಲು ನಿದ್ದೆ ಮತ್ತು ಹೊರೆ ಸರಿಮಾಡಿ. ಭಯದ ಜಾಗಗಳಿಗೆ ಹೋಗುವುದನ್ನು ಪೂರ್ತಿ ನಿಲ್ಲಿಸಬೇಡಿ, ಹೆಜ್ಜೆ ಸಣ್ಣದು ಮಾಡಿ.

ವೈದ್ಯರು, ಮಾತ್ರೆ, ಮನೆಯವರು

ಥೈರಾಯ್ಡ್ ಜಾಸ್ತಿ ಆದರೆ ಎದೆ ಬಡಿಯುತ್ತದೆ, ಕೈ ನಡುಗುತ್ತದೆ. ರಕ್ತಹೀನತೆ, ಬಿ12 ಕೊರತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಇವೆಲ್ಲ ಸುಸ್ತಿನ ವೇಷದಲ್ಲಿ ಬರುತ್ತವೆ. ಖಿನ್ನತೆಯೂ ಹಾಗೇ. ಅದಕ್ಕೇ ಒಂದು ಸಲ ಸರಿಯಾದ ತಪಾಸಣೆ ಬೇಕು. ಪದೇ ಪದೇ ಬೇಡ. ಮದ್ಯ ಆ ರಾತ್ರಿಗೆ ಆತಂಕ ಇಳಿಸಿ, ಮರುದಿನ ಇಮ್ಮಡಿ ಮಾಡಿ ಹಿಂದಿರುಗಿಸುತ್ತದೆ.

ಆತಂಕಕ್ಕೆ ಹೆಚ್ಚಾಗಿ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳು ಕೆಲಸ ಮಾಡಲು ಕೆಲವು ವಾರ ಬೇಕು. ಮೊದಲ ದಿನಗಳಲ್ಲಿ ಚಡಪಡಿಕೆ ಸ್ವಲ್ಪ ಹೆಚ್ಚಾಗಲೂಬಹುದು. ಇದನ್ನು ಯಾರೂ ಮೊದಲೇ ಹೇಳದಿದ್ದರೆ ಜನ ಹೆದರಿ ನಾಲ್ಕನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಬಿಡುವಾಗಲೂ ವೈದ್ಯರ ಸಲಹೆಯಂತೆ ನಿಧಾನವಾಗಿ ಬಿಡಬೇಕು. ತಕ್ಷಣ ಸಮಾಧಾನ ಕೊಡುವ ಅಲ್ಪ್ರಜೋಲಮ್, ಲೋರಾಜಿಪಾಮ್ ಥರದ ಮಾತ್ರೆಗಳು ಬೇರೆ ಗುಂಪು. ಹೆಚ್ಚು ಕಾಲ ತೆಗೆದುಕೊಂಡರೆ ದೇಹ ಅವುಗಳಿಗೆ ಅಂಟಿಕೊಳ್ಳುತ್ತದೆ, ಥಟ್ಟನೆ ನಿಲ್ಲಿಸಿದರೆ ಅಪಾಯ. ಬದುಕುವುದೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಕಾಯಬೇಡಿ. ಅವತ್ತೇ, ಆಗಲೇ ಹತ್ತಿರದವರಿಗೆ ಹೇಳಿ. ಆಸ್ಪತ್ರೆಗೆ ಹೋಗಿ, ಇಲ್ಲವೇ ಸಹಾಯವಾಣಿಗೆ ಕರೆಮಾಡಿ.

ಪಕ್ಕದಲ್ಲಿರುವವರಿಗೂ ಕೆಲಸವಿದೆ. ಅಟ್ಯಾಕ್ ಬಂದಾಗ 'ಏನೂ ಇಲ್ಲ, ಸುಮ್ನಿರು' ಅನ್ನಬೇಡಿ. "ಇದು ಪ್ಯಾನಿಕ್, ಇಳಿಯುತ್ತದೆ, ನಾನು ಇಲ್ಲೇ ಇದ್ದೀನಿ" ಅನ್ನಿ. ಮೆಲ್ಲಗೆ ಮಾತಾಡಿ, ನಿಮ್ಮ ಉಸಿರೂ ನಿಧಾನವಿರಲಿ. ಸುತ್ತ ಜನ ಸೇರದಂತೆ ನೋಡಿಕೊಳ್ಳಿ. ಇಳಿದ ಮೇಲೆ ಮನೆಗೆ ವಾಪಸ್ ಕರೆದೊಯ್ಯುವ ಬದಲು, ಅವರು ಒಪ್ಪಿದರೆ ಹೊರಟಿದ್ದ ಕಡೆಗೇ ಜೊತೆಯಲ್ಲಿ ಹೋಗಿ. ಮುಂದಿನ ಸಲ ಅರ್ಧ ದಾರಿ ಬನ್ನಿ. ಅದರ ಮುಂದಿನ ಸಲ ಅವರೊಬ್ಬರೇ ಹೋಗಲಿ, ನೀವು ಫೋನ್‌ನಲ್ಲಿ ಸಿಗುವ ಹಾಗಿದ್ದರೆ ಸಾಕು.